‘ನ್ಯೂಟ್ರಲ್ ಲೂಸ್, ಅರ್ಥಿಂಗ್ ವೀಕ್, ಲೋಡ್ ಜಾಸ್ತಿ’: ಈ ಮಾತುಗಳಿಗೆ ಅರ್ಥ ಏನು?

ಪ್ರಶ್ನೆ: ಸರ್, ನಮ್ಮದು ಹಳೆಯ ಮನೆ. ಮೀಟರ್ ತ್ರೀ ಫೇಸ್ ಅಂತೆ. ವಾಷಿಂಗ್ ಮೆಷಿನ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆ. ಗೀಸರ್, ವಾಷಿಂಗ್ ಮೆಷಿನ್, ಇಸ್ತ್ರಿ ಪೆಟ್ಟಿಗೆ ಮೂರನ್ನೂ ಹಾಕಿದರೆ ಸ್ವಲ್ಪ ಹೊತ್ತಿಗೆ ಎಂಸಿಬಿ ಸ್ವಿಚ್ ತಾನಾಗಿ ಬೀಳುತ್ತದೆ. ಹೋದ ವಾರ ಎರಡು ಸಲ ಹಾಲ್‌ನ ಫ್ಯಾನ್ ನಿಧಾನ ಆಯಿತು, ಅದೇ ಹೊತ್ತಿಗೆ ರೂಮಿನ ಫ್ಯಾನ್ ಜೋರಾಗಿ ತಿರುಗಿತು. ಎಲೆಕ್ಟ್ರಿಷಿಯನ್ ಬಂದು ನೋಡಿ, “ನ್ಯೂಟ್ರಲ್ ಲೂಸ್ ಇದೆ, ಅರ್ಥಿಂಗ್ ವೀಕ್, ಲೋಡ್ ಜಾಸ್ತಿ. 16ರ ಎಂಸಿಬಿ ತೆಗೆದು 32 ಹಾಕಿಬಿಡೋಣ, ಬೀಳೋದು ನಿಲ್ಲುತ್ತೆ” ಅಂದರು. ತಲೆಯಾಡಿಸಿ ಕಳಿಸಿದೆ. ನಿಜ ಹೇಳಬೇಕೆಂದರೆ ಒಂದೂ ಅರ್ಥವಾಗಲಿಲ್ಲ, ಕೇಳಲು ಸಂಕೋಚ. ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಂತ ನಮ್ಮ ಮನೆಯವರು ಹೇಳುತ್ತಾರೆ. ನಿಜವೇ? ಈ ಪದಗಳನ್ನು ಸರಳವಾಗಿ ತಿಳಿಸಿ. ಬಿಲ್ಲಿನಲ್ಲಿ ಬರುವ ಯೂನಿಟ್, ಸ್ಯಾಂಕ್ಷನ್ಡ್ ಲೋಡ್ ಅಂದರೇನು ಅಂತಲೂ ಹೇಳಿ.

ಉತ್ತರ: ಪದಗಳ ಅರ್ಥಕ್ಕೆ ಹೋಗುವ ಮುಂಚೆ ಎರಡು ಕೆಲಸ ಇವತ್ತೇ ಮಾಡಿ. ವಾಷಿಂಗ್ ಮೆಷಿನ್ ಪ್ಲಗ್ ಕಿತ್ತಿಡಿ. ಇನ್ನೊಮ್ಮೆ ಒಂದು ಫ್ಯಾನ್ ನಿಧಾನವಾಗಿ ಇನ್ನೊಂದು ಜೋರಾದರೆ, ಯಾವುದನ್ನೂ ಪರೀಕ್ಷೆ ಮಾಡುತ್ತಾ ನಿಲ್ಲಬೇಡಿ. ಮೈನ್ ಸ್ವಿಚ್ ಆಫ್ ಮಾಡಿ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಗಾಬರಿ ಹುಟ್ಟಿಸಿದ್ದು ಆ ಫ್ಯಾನಿನ ಸಾಲು.

ಸಂಕೋಚದ ಬಗ್ಗೆ ಒಂದು ಮಾತು. ಮನೆಗಳ ವೈರಿಂಗ್ ಕೆಲಸದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಓದಿದವರು, ಓದದವರು ಎಲ್ಲರೂ ಈ ಪದಗಳ ಮುಂದೆ ಸುಮ್ನೆ ತಲೆಯಾಡಿಸುವುದನ್ನೇ ನೋಡಿದ್ದೇನೆ. ತಪ್ಪು ಅವರದಲ್ಲ. ನಾವು, ಈ ಕೆಲಸ ಮಾಡುವವರು, ಬಿಡಿಸಿ ಹೇಳುವುದಿಲ್ಲ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಮೂರು ತೊಂದರೆಗಳೂ ಬಹುಶಃ ಸರಿಯೇ. ಆದರೆ ಅವರು ಸೂಚಿಸಿದ ಪರಿಹಾರ ಆ ಮೂರರಲ್ಲಿ ಒಂದನ್ನೂ ಸರಿ ಮಾಡುವುದಿಲ್ಲ. ಅದು ಯಾಕೆ ಅಂತ ನಿಮಗೇ ಗೊತ್ತಾಗಬೇಕಾದರೆ ಪದಗಳು ಬೇಕು.

‘ಕರೆಂಟ್’ನಿಂದ ಶುರು ಮಾಡೋಣ. ನಾವು ಎಲ್ಲದಕ್ಕೂ ಇದೊಂದೇ ಪದ ಬಳಸುತ್ತೇವೆ. ಕರೆಂಟ್ ಹೋಯ್ತು, ಕರೆಂಟ್ ಬಿಲ್, ಕರೆಂಟ್ ಕಂಬ, ಕರೆಂಟ್ ಹೊಡೀತು. ಪದದ ಮೂಲ ಅರ್ಥ ಹರಿವು, ಅಷ್ಟೇ. ಇಂಗ್ಲಿಷಿನಲ್ಲಿ ಹೊಳೆಯ ಸೆಳೆತಕ್ಕೂ ಇದೇ ಪದ. ಈ ಹರಿವು ಎಷ್ಟಿದೆ ಎಂದು ಅಳೆಯುವುದು ಆಂಪಿಯರ್‌ನಲ್ಲಿ. ಅದು ಫ್ರಾನ್ಸ್‌ನ ವಿಜ್ಞಾನಿ ಆಂಪಿಯರ್ ಅವರ ಹೆಸರು. ಹರಿವನ್ನು ನೂಕುವ ಬಲ ವೋಲ್ಟೇಜ್. 1800ರಲ್ಲಿ ಮೊದಲ ಬ್ಯಾಟರಿ ಮಾಡಿದ ಇಟಲಿಯ ವೋಲ್ಟಾ ಅವರಿಂದ ಬಂದ ಹೆಸರು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ನೂಕುವ ಬಲವೂ ಹರಿವೂ ಸೇರಿ ಆಗುವ ಕೆಲಸ ವಾಟ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ಹೆಚ್ಚುಕಡಿಮೆ ವಾಟ್ ಸಿಗುತ್ತದೆ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಕರೆಂಟ್ ಬಂದು ಬಲ್ಬಿನಲ್ಲಿ ಮುಗಿದುಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಬಂದಷ್ಟೂ ವಾಪಸ್ ಹೋಗಲೇಬೇಕು. ಹೋಗಲು ದಾರಿ ಇಲ್ಲದಿದ್ದರೆ ಬರುವುದೇ ಇಲ್ಲ. ಅದಕ್ಕೇ ಎರಡು ತಂತಿ. ಬರುವ ತಂತಿ ಫೇಸ್. ಮರಳುವ ತಂತಿ ನ್ಯೂಟ್ರಲ್.

‘ಫೇಸ್’ ಅಂದರೆ ಮುಖ ಅಂತ ಕೆಲವರು ಅಂದುಕೊಳ್ಳುತ್ತಾರೆ. ಇದು ಬೇರೆ ಪದ. ಚಂದ್ರ ಬೆಳೆಯುವ, ಕರಗುವ ಹಂತಗಳಿಗೆ ಇಂಗ್ಲಿಷಿನಲ್ಲಿ ಬಳಸುವ ಪದವೇ ಇದು. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಮೂರು ಲೈನುಗಳು ಒಟ್ಟಿಗೆ ಏರುವುದಿಲ್ಲ. ಒಂದರ ಹಿಂದೆ ಒಂದು ಏರುತ್ತವೆ. ಪ್ರತಿಯೊಂದೂ ಬೇರೆ ಹಂತದಲ್ಲಿರುವುದರಿಂದ ತ್ರೀ ಫೇಸ್. ಯಾವುದೇ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಅಳೆದರೆ 400ರ ಆಸುಪಾಸು. ಈ 400 ನೆನಪಿರಲಿ.

‘ನ್ಯೂಟ್ರಲ್’ ಅಂದರೆ ಯಾವ ಕಡೆಗೂ ವಾಲದ್ದು. ಟ್ರಾನ್ಸ್‌ಫಾರ್ಮರ್ ಹತ್ತಿರ ಅದನ್ನು ಭೂಮಿಗೆ ಕಟ್ಟಿರುತ್ತಾರೆ. ಹಾಗಾಗಿ ಎಲ್ಲ ಸರಿಯಿದ್ದಾಗ ಅದರಲ್ಲಿ ವೋಲ್ಟೇಜ್ ಸೊನ್ನೆಯ ಹತ್ತಿರ ಇರುತ್ತದೆ. ಇದರಿಂದಲೇ ‘ನ್ಯೂಟ್ರಲ್ ಮುಟ್ಟಿದರೆ ಏನೂ ಆಗಲ್ಲ’ ಎಂಬ ನಂಬಿಕೆ ಹುಟ್ಟಿದೆ. ಇದು ಅಪಾಯದ ನಂಬಿಕೆ. ಒಂದೇ ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಎಲ್ಲೋ ಒಂದು ಕಡೆ ತುಂಡಾಯಿತು ಅಂದುಕೊಳ್ಳಿ. ಆಗ ಸ್ವಿಚ್ ಹಾಕಿದ ಬಲ್ಬ್, ಫ್ಯಾನ್‌ಗಳ ಮೂಲಕ ಫೇಸ್ ಹಾದುಬಂದು ಆ ತುಂಡಾದ ತಂತಿಯಲ್ಲಿ ನಿಂತಿರುತ್ತದೆ. ಮನೆಯಲ್ಲಿ ಲೈಟ್ ಇಲ್ಲ, ಫ್ಯಾನ್ ಇಲ್ಲ. ಆದರೆ ಟೆಸ್ಟರ್ ಇಟ್ಟರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಉರಿಯುತ್ತದೆ. ‘ಕರೆಂಟ್ ಹೋಗಿದೆ’ ಅಂದುಕೊಂಡು ಕೈ ಹಾಕಿದವರಿಗೆ ಪೆಟ್ಟು ಬೀಳುವುದು ಇಂಥ ಹೊತ್ತಿನಲ್ಲೇ.

ಈಗ ನಿಮ್ಮ ಎರಡು ಫ್ಯಾನ್. ತ್ರೀ ಫೇಸ್ ಮನೆಯಲ್ಲಿ ಹಾಲ್ ಒಂದು ಫೇಸ್ ಮೇಲೆ, ರೂಮು ಇನ್ನೊಂದರ ಮೇಲೆ ಇರುತ್ತದೆ. ಎಲ್ಲಕ್ಕೂ ಮರಳುವ ದಾರಿ ಒಂದೇ ನ್ಯೂಟ್ರಲ್. ಅದು ಮೀಟರ್ ಹತ್ತಿರವೋ ಕಂಬದಲ್ಲೋ ಸಡಿಲವಾದರೆ, ಹಾಲ್‌ನ ಕರೆಂಟಿಗೆ ವಾಪಸ್ ಹೋಗಲು ರೂಮಿನ ಲೈನೇ ದಾರಿಯಾಗುತ್ತದೆ. ಆಗ ಆ 400 ವೋಲ್ಟನ್ನು ಎರಡೂ ಕಡೆಯವು ಹಂಚಿಕೊಳ್ಳುತ್ತವೆ, ಆದರೆ ಸಮವಾಗಿ ಅಲ್ಲ. ಒಂದು ಕಡೆ 150, ಇನ್ನೊಂದು ಕಡೆ 250 ಆಗಬಹುದು. ಸಡಿಲವಾಗಿದ್ದದ್ದು ಪೂರ್ತಿ ಬಿಟ್ಟುಹೋದರೆ, ಕಡಿಮೆ ಲೋಡ್ ಇರುವ ಕಡೆ 350 ದಾಟಿದರೂ ಆಶ್ಚರ್ಯವಿಲ್ಲ. ಟಿವಿ, ಫ್ರಿಜ್, ಚಾರ್ಜರ್ ಎಲ್ಲ ಒಂದೇ ನಿಮಿಷದಲ್ಲಿ ಸುಟ್ಟುಹೋಗಿರುವ ಮನೆಗಳಿಗೆ ನಾನು ಹೋಗಿದ್ದೇನೆ. ‘ಹೈ ವೋಲ್ಟೇಜ್ ಬಂತು’ ಅಂತ ಅಕ್ಕಪಕ್ಕದವರು ಹೇಳುತ್ತಿರುತ್ತಾರೆ. ಹೊರಗಿನಿಂದ ಏನೂ ಬಂದಿರುವುದಿಲ್ಲ. ಒಂದು ಸ್ಕ್ರೂ ಸಡಿಲವಾಗಿರುತ್ತದೆ.

ಹಾಗಾಗಿ ‘ನ್ಯೂಟ್ರಲ್ ಲೂಸ್’ ಅನ್ನುವುದು ಸಣ್ಣ ಮಾತಲ್ಲ. ನಿಮ್ಮ ಮನೆಯಲ್ಲಿ ಮೊದಲು ಆಗಬೇಕಾದ ಕೆಲಸ ಅದೇ. ಮೀಟರಿನ ಈಚೆ ಆದರೆ ನಿಮ್ಮ ಎಲೆಕ್ಟ್ರಿಷಿಯನ್ ಮಾಡಬಹುದು. ಮೀಟರಿನಲ್ಲಿ ಅಥವಾ ಅದರಾಚೆ, ಕಂಬದ ಕಡೆ ಆದರೆ ಲೈನ್‌ಮನ್ ಬರಬೇಕು. ದೂರು ಕೊಡುವಾಗ ‘ಕರೆಂಟ್ ಸರಿ ಇಲ್ಲ’ ಅನ್ನಬೇಡಿ. “ಒಂದು ಫೇಸ್ ಡಿಮ್, ಒಂದು ಫೇಸ್ ಜೋರು, ನ್ಯೂಟ್ರಲ್ ಲೂಸ್ ಇರಬೇಕು” ಅನ್ನಿ. ಯಾವುದು ಅವಸರದ ಕೆಲಸ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

‘ಲೂಸ್ ಕನೆಕ್ಷನ್’ ಬಗ್ಗೆ ಇನ್ನೆರಡು ಮಾತು. ಮನೆಗೆ ಬೆಂಕಿ ಬಿದ್ದರೆ ಎಲ್ಲರ ಬಾಯಲ್ಲೂ ಬರುವುದು ‘ಶಾರ್ಟ್ ಸರ್ಕ್ಯೂಟ್’. ಶಾರ್ಟ್ ಅಂದರೆ ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ತಾಗುವುದು, ದಾರಿ ಗಿಡ್ಡವಾಗುವುದು. ಆಗ ಒಮ್ಮೆಲೇ ನೂರಾರು ಆಂಪಿಯರ್ ನುಗ್ಗುತ್ತದೆ, ಎಂಸಿಬಿ ಕಣ್ಣುಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಲೂಸ್ ಕನೆಕ್ಷನ್ ಹಾಗಲ್ಲ. ಹರಿಯುವ ಕರೆಂಟ್ ಎಂದಿನಷ್ಟೇ. ಎಂಸಿಬಿಗೆ ಏನೂ ತಿಳಿಯುವುದಿಲ್ಲ. ಸಡಿಲವಾದ ಆ ಒಂದು ಜಾಗ ಮಾತ್ರ ದಿನಾ ಬಿಸಿಯಾಗುತ್ತಿರುತ್ತದೆ. ಒಂದು ಮನೆಯಲ್ಲಿ ಗೀಸರ್ ಸಾಕೆಟ್ ಬಿಚ್ಚಿದಾಗ ಒಳಗಿನ ಬಿಳಿ ಪ್ಲಾಸ್ಟಿಕ್ ಹಪ್ಪಳದ ಅಂಚಿನ ಹಾಗೆ ಕಂದಾಗಿತ್ತು. ನ್ಯೂಟ್ರಲ್ ತಂತಿಯ ಕಪ್ಪು ಕವಚ ಒಂದು ಬೆರಳುದ್ದ ಗಟ್ಟಿಯಾಗಿ, ಮುಟ್ಟಿದರೆ ಪುಡಿಯಾಗಿ ಉದುರಿತು. ಸ್ಕ್ರೂ ಅರ್ಧ ಸುತ್ತು ಸಡಿಲ, ಅಷ್ಟೇ. ಆ ಮನೆಯವರು ಆರು ತಿಂಗಳಿಂದ ಸುಟ್ಟ ವಾಸನೆ ಬರುತ್ತಿದೆ ಅನ್ನುತ್ತಿದ್ದರು. ಪ್ಲಗ್ ಬಿಸಿಯಾಗುವುದು, ಚಿಟಚಿಟ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ: ಈ ಮೂರರಲ್ಲಿ ಒಂದು ಇದ್ದರೂ ಆ ಪಾಯಿಂಟ್ ಬಳಸಬೇಡಿ.

ಇನ್ನು ‘ಅರ್ಥಿಂಗ್’. ಅರ್ಥ್ ಅಂದರೆ ಭೂಮಿ. ಕೆಲವರು ಗ್ರೌಂಡ್ ಅನ್ನುತ್ತಾರೆ, ಎರಡೂ ಒಂದೇ. ಫೇಸ್ ಬರುವ ದಾರಿ, ನ್ಯೂಟ್ರಲ್ ಮರಳುವ ದಾರಿ ಆದರೆ ಅರ್ಥ್ ಕಷ್ಟಕಾಲದ ದಾರಿ. ಎಲ್ಲ ಸರಿಯಿದ್ದಾಗ ಅದು ಖಾಲಿ. ಅದರ ಒಂದು ತುದಿ ವಾಷಿಂಗ್ ಮೆಷಿನ್‌ನ ಲೋಹದ ಮೈಗೆ, ಇನ್ನೊಂದು ತುದಿ ಅಂಗಳದಲ್ಲಿ ಹೂತ ಪೈಪು ಅಥವಾ ಪ್ಲೇಟಿಗೆ. ಒಳಗೆ ಫೇಸ್ ತಂತಿ ಸವೆದು ಮೈಗೆ ತಾಗಿದರೆ ಕರೆಂಟ್ ನಿಮ್ಮ ಕೈಗಾಗಿ ಕಾಯದೆ ಅರ್ಥ್ ಹಿಡಿದು ಹೋಗಲಿ ಅಂತ ಇದು ಇರುವುದು. ತ್ರೀ ಪಿನ್ ಪ್ಲಗ್ ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ. ಉದ್ದ ಯಾಕೆಂದರೆ ಚುಚ್ಚುವಾಗ ಅರ್ಥ್ ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು. ದಪ್ಪ ಯಾಕೆಂದರೆ ಬೇರೆ ತೂತಿಗೆ ಹೋಗಬಾರದು. ಆ ಪಿನ್ನನ್ನು ಮುರಿದು ಟೂ ಪಿನ್ ಮಾಡಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಮ್ಮ ಮೆಷಿನ್ ಜುಮ್ ಅನ್ನುವುದಕ್ಕೆ ಎರಡು ಕಾರಣ ಇರಬಹುದು. ಇಂಥ ಯಂತ್ರಗಳ ಒಳಗೆ ಒಂದು ಎಲೆಕ್ಟ್ರಿಕ್ ಫಿಲ್ಟರ್ (ನೀರಿನದಲ್ಲ) ಇರುತ್ತದೆ, ಅದರಿಂದ ತೀರಾ ಸಣ್ಣ ಕರೆಂಟ್ ಮೈಗೆ ಬರುವುದು ಸಹಜ. ಅರ್ಥ್ ಇದ್ದರೆ ಅದು ಗೊತ್ತೇ ಆಗದೆ ಹೋಗುತ್ತದೆ, ಇಲ್ಲದಿದ್ದರೆ ಜುಮ್ ಅನ್ನುತ್ತದೆ. ಎರಡನೆಯದು ನಿಜವಾದ ‘ಲೀಕೇಜ್’. ಹೀಟರೋ ವೈರೋ ಹಾಳಾಗಿ ಫೇಸ್ ಮೈಗೆ ಸೋರುವುದು. ಬೆರಳಿಟ್ಟು ಯಾವುದು ಅಂತ ಹೇಳಲು ಸಾಧ್ಯವಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ಒಣ ಕಾಲಿಗೆ ಜುಮ್ ಅಂದದ್ದು ಒದ್ದೆ ನೆಲದಲ್ಲಿ ಜೀವಕ್ಕೇ ಕುತ್ತಾಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿ, ‘ಅರ್ಥಿಂಗ್ ಆಯ್ತು’ ಅನ್ನುತ್ತಾರೆ. ಜುಮ್ ಅನ್ನುವುದು ಕೂಡಲೇ ನಿಲ್ಲುತ್ತದೆ, ಮನೆಯವರು ಖುಷಿಯಾಗುತ್ತಾರೆ. ಆದರೆ ನ್ಯೂಟ್ರಲ್ ಎಲ್ಲಾದರೂ ಬಿಟ್ಟ ದಿನ ಮೆಷಿನ್ನಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ನಿಮ್ಮ ಮನೆಯಲ್ಲಂತೂ ನ್ಯೂಟ್ರಲ್ ಈಗಾಗಲೇ ಸಡಿಲ. ಸಾಕೆಟ್ ಬಿಚ್ಚಿಸಿ ಅಂಥ ತುಂಡು ಇಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ.

ಬಣ್ಣದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್. ಕಪ್ಪು ನ್ಯೂಟ್ರಲ್. ಹಸಿರು ಅರ್ಥ್. ಆದರೆ ಯಂತ್ರಗಳ ಜೊತೆ ಬರುವ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದ್ದು ಅರ್ಥ್. ಒಂದೇ ನೀಲಿ ಗೋಡೆಯೊಳಗೆ ಫೇಸ್, ಯಂತ್ರದಲ್ಲಿ ನ್ಯೂಟ್ರಲ್. ಹಳೆಯ ಮನೆಯಲ್ಲಿ ಕೈಗೆ ಸಿಕ್ಕ ಬಣ್ಣದ ವೈರ್ ಎಳೆದಿರುವುದೂ ಉಂಟು. ಆದ್ದರಿಂದ ಬಣ್ಣ ನಂಬಿ ಮುಟ್ಟಬಾರದು.

ಈಗ ನಿಮ್ಮ ಮನೆಯವರು ಹೇಳಿದ ಮಾತು. ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ? ಹೊಡೆಯುತ್ತದೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು, ಮನುಷ್ಯನನ್ನಲ್ಲ. ಲೆಕ್ಕ ನೋಡಿ. ನಿಮ್ಮ 16ರ ಎಂಸಿಬಿ ಬೀಳುವುದು 16 ಆಂಪಿಯರ್‌ಗಿಂತ ಜಾಸ್ತಿ ಹರಿದರೆ, ಅಂದರೆ 16,000 ಮಿಲಿ ಆಂಪಿಯರ್ ದಾಟಿದರೆ. ಮನುಷ್ಯನ ಎದೆಯ ಮೂಲಕ 30 ಮಿಲಿ ಆಂಪಿಯರ್‌ಗಿಂತ ಜಾಸ್ತಿ ಹರಿಯುವುದೇ ಅಪಾಯ. ಒಂದು 9 ವಾಟ್ ಬಲ್ಬ್ ಕೂಡ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ನಿಮಗೆ ಶಾಕ್ ಹೊಡೆಯುತ್ತಿದ್ದರೆ ಎಂಸಿಬಿಗೆ ಅದು ಮನೆಯಲ್ಲಿ ಇನ್ನೊಂದು ಸಣ್ಣ ಬಲ್ಬ್ ಹಾಕಿದ ಹಾಗೆ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್. ಹಳಬರು ಇದನ್ನೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಇದು ಫೇಸ್‌ನಲ್ಲಿ ಬಂದದ್ದು ಎಷ್ಟು, ನ್ಯೂಟ್ರಲ್‌ನಲ್ಲಿ ಮರಳಿದ್ದು ಎಷ್ಟು ಅಂತ ಸದಾ ತಾಳೆ ನೋಡುತ್ತಿರುತ್ತದೆ. ಬಂದಷ್ಟೂ ಮರಳಲೇಬೇಕು ಅಂದೆನಲ್ಲ? ಕಡಿಮೆ ಮರಳಿದರೆ ಉಳಿದದ್ದು ಬೇರೆ ದಾರಿಯಲ್ಲಿ ಹೋಗುತ್ತಿದೆ, ಬಹುಶಃ ಯಾರದೋ ಮೈಯ ಮೂಲಕ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಅದು ಬೀಳುತ್ತದೆ. ಮನೆಗೆ 30 ಮಿಲಿ ಆಂಪಿಯರ್‌ನದೇ ಬೇಕು. 100, 300ರದ್ದು ಮನುಷ್ಯನಿಗೆ ಸಾಲದು.

ಅರ್ಥಿಂಗ್ ವೀಕ್ ಇರುವ ಮನೆಗೆ ಇದು ಯಾಕೆ ಬೇಕೇಬೇಕು ಅಂತ ಹೇಳುತ್ತೇನೆ. ನಿಮ್ಮ ಅರ್ಥ್ ಗುಂಡಿ ಒಣಗಿ ಅದರ ತಡೆ (ಕರೆಂಟ್ ಹರಿಯಲು ಆಗುವ ಅಡ್ಡಿ, ಅಳೆಯುವುದು ಓಮ್‌ನಲ್ಲಿ) 100 ಓಮ್ ಆಗಿದೆ ಅಂದುಕೊಳ್ಳಿ. ಫೇಸ್ ಮೆಷಿನ್ ಮೈಗೆ ತಾಗಿದರೂ ಅರ್ಥ್‌ನಲ್ಲಿ ಹರಿಯುವುದು 230 ಭಾಗಿಸು 100, ಅಂದರೆ 2.3 ಆಂಪಿಯರ್. 16ರ ಎಂಸಿಬಿ ಅಲ್ಲಾಡುವುದೂ ಇಲ್ಲ. ಮೆಷಿನ್ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಆರ್‌ಸಿಸಿಬಿ ಇದ್ದರೆ ತಕ್ಷಣ ಬೀಳುತ್ತಿತ್ತು.

ಇನ್ನು ‘ಲೋಡ್’. ಲೋಡ್ ಅಂದರೆ ಹೊರೆ. ಒಂದೇ ಹೊತ್ತಿಗೆ ಒಂದು ಲೈನಿನಿಂದ ಎಷ್ಟು ಎಳೆಯುತ್ತಿದ್ದೀರಿ ಅನ್ನುವುದು. ನಿಮ್ಮ ಗೀಸರ್ 3000 ವಾಟ್, ವಾಷಿಂಗ್ ಮೆಷಿನ್‌ನ ಬಿಸಿನೀರಿನ ಹೀಟರ್ 2000, ಇಸ್ತ್ರಿ ಪೆಟ್ಟಿಗೆ 1000 ಇರಬಹುದು. ಒಟ್ಟು 6000. ಅದನ್ನು 230ರಿಂದ ಭಾಗಿಸಿದರೆ 26 ಆಂಪಿಯರ್. 16ರ ಎಂಸಿಬಿ ಬೀಳದೆ ಇನ್ನೇನು ಮಾಡೀತು? ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ.

ಎಂಸಿಬಿ ಬೀಳುವ ರೀತಿಯೇ ಕಾರಣ ಹೇಳುತ್ತದೆ. ಅದರೊಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇದೆ. ಕರೆಂಟ್ ಜಾಸ್ತಿಯಾದಾಗ ಅದು ನಿಧಾನವಾಗಿ ಕಾದು ಬಾಗಿ ಕೊಕ್ಕೆ ಬಿಡಿಸುತ್ತದೆ. ಅದರ ಜೊತೆ ಒಂದು ಸುರುಳಿಯೂ ಇದೆ. ಶಾರ್ಟ್ ಆದಾಗ ಅದು ಆಯಸ್ಕಾಂತವಾಗಿ ಕ್ಷಣದಲ್ಲಿ ಎಳೆದು ಬೀಳಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬಿದ್ದರೆ ಓವರ್‌ಲೋಡ್. ಮೇಲೆ ಮಾಡಿದ ಕೂಡಲೇ ಟಪ್ ಅಂತ ಬಿದ್ದರೆ ಶಾರ್ಟ್. ಎಂಸಿಬಿ ನಿಂತಿದ್ದು ಆರ್‌ಸಿಸಿಬಿ ಮಾತ್ರ ಬಿದ್ದರೆ ಲೀಕೇಜ್. ಫೋನಿನಲ್ಲಿ ಇಷ್ಟು ಹೇಳಿದರೆ ನನ್ನಂಥವರ ಅರ್ಧ ಕೆಲಸ ಮುಗಿದ ಹಾಗೆ. ಟಪ್ ಅಂತ ಬೀಳುವುದನ್ನು ಮತ್ತೆ ಮತ್ತೆ ಎತ್ತಬೇಡಿ.

16ರ ಬದಲು 32 ಹಾಕಿದರೆ? ಬೀಳುವುದು ನಿಲ್ಲುತ್ತದೆ, ಅದು ನಿಜ. ಆದರೆ ಗೋಡೆಯೊಳಗಿನ ವೈರ್ ಹಳೆಯದೇ ಅಲ್ವಾ? ಇಂಥ ಪಾಯಿಂಟ್‌ಗಳಿಗೆ ಸಾಮಾನ್ಯವಾಗಿ ಎಳೆದಿರುವುದು 2.5 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ವೈರ್. ಅದಕ್ಕೆ 16, ಹೆಚ್ಚೆಂದರೆ 20ರ ಎಂಸಿಬಿ ಸರಿ. 32 ಹಾಕಿದರೆ ವೈರ್ ಒಳಗೇ ಬಿಸಿಯಾಗುತ್ತದೆ, ಅದರ ಕವಚ ಸುಡುತ್ತದೆ, ಎಂಸಿಬಿ ಸುಮ್ಮನೆ ನೋಡುತ್ತಿರುತ್ತದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ.

ಹಾಗಾದರೆ ಏನು ಮಾಡಬಹುದು? ಖರ್ಚಿಲ್ಲದ ದಾರಿ ಅಂದರೆ ಮೂರನ್ನೂ ಒಟ್ಟಿಗೆ ಹಾಕದಿರುವುದು. ಗೀಸರ್ ಆಫ್ ಆದ ಮೇಲೆ ಮೆಷಿನ್. ಇದು ನಡೆಯುತ್ತದೆ, ಆದರೆ ಮನೆಯಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳಬೇಕು. ಸರಿಯಾದ ದಾರಿ, ಗೀಸರ್‌ಗೆ ಡಿಬಿಯಿಂದ (ಎಂಸಿಬಿಗಳಿರುವ ಡಬ್ಬಿ) ಬೇರೆಯೇ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ವೈರ್, ಅದಕ್ಕೊಂದು ಬೇರೆ ಎಂಸಿಬಿ. ಅದನ್ನು ಲೋಡ್ ಕಡಿಮೆ ಇರುವ ಫೇಸ್‌ಗೆ ಕೊಡಿಸಿ. ಪೈಪಿನಲ್ಲಿ ಜಾಗ ಇಲ್ಲದಿದ್ದರೆ ಗೋಡೆಯ ಮೇಲೆ ಕೇಸಿಂಗ್ (ವೈರ್ ಮುಚ್ಚುವ ಪಟ್ಟಿ) ಹಾಕಬೇಕಾಗುತ್ತದೆ. ಚೆಂದ ಸ್ವಲ್ಪ ಕಡಿಮೆ, ಆದರೂ ನಾನಾದರೆ ಇದನ್ನೇ ಮಾಡಿಸುತ್ತೇನೆ.

ಆರ್‌ಸಿಸಿಬಿ ಹಾಕಿಸಿದಾಗ ಹಳೆಯ ಮನೆಯಲ್ಲಿ ಒಂದು ತಲೆನೋವು ಬರಬಹುದು, ಮೊದಲೇ ಹೇಳಿಬಿಡುತ್ತೇನೆ. ಒಂದು ಲೈನಿನ ನ್ಯೂಟ್ರಲ್ ಇನ್ನೊಂದರ ಜೊತೆ ಬೆರೆತಿದ್ದರೆ, ಎಲ್ಲೋ ತೇವ ಇದ್ದರೆ ಅದು ಪದೇ ಪದೇ ಬೀಳುತ್ತದೆ. ಆಗ ‘ಪೀಸ್ ಸರಿ ಇಲ್ಲ, ಬೈಪಾಸ್ ಮಾಡೋಣ’ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಒಂದೊಂದೇ ಲೈನ್ ಬಿಚ್ಚಿ ದೋಷ ಹುಡುಕಿಸಿ. ಒಂದು ದಿನದ ಕೆಲಸ ಹಿಡಿಯಬಹುದು, ಆದರೆ ಎಷ್ಟೋ ವರ್ಷದಿಂದ ಅಡಗಿದ್ದ ಸೋರಿಕೆ ಹೊರಗೆ ಬರುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಇನ್ನೊಂದು ವಿಷಯ, ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ. ಎಂಸಿಬಿ ಜೊತೆಗೇ ಬೇಕು.

ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ರೂಢಿ ಒಳ್ಳೆಯದೇ. ಆದರೆ ಪೈಪಿಗೆ ಕೂಡಿಸಿದ ತಂತಿಯೇ ತುಕ್ಕು ಹಿಡಿದು ಕಡಿದಿದ್ದರೆ ನೀರಿನಿಂದ ಏನೂ ಆಗದು. ಅರ್ಥ್ ಟೆಸ್ಟರ್ ತರಿಸಿ ಎಷ್ಟು ಓಮ್ ಇದೆ ಅಂತ ಅಳೆಸಿ. ವೋಲ್ಟ್ ಅಳೆಯುವ ಸಾಮಾನ್ಯ ಮೀಟರ್ ಫೇಸ್ ಮತ್ತು ಅರ್ಥ್ ನಡುವೆ 230 ತೋರಿಸಿತು ಅಂದ ಮಾತ್ರಕ್ಕೆ ಅರ್ಥಿಂಗ್ ಗಟ್ಟಿಯಾಗಿದೆ ಅಂತಲ್ಲ.

ಬಿಲ್ಲಿನ ಎರಡು ಪದ ಸುಲಭ. ‘ಯೂನಿಟ್’ ಅಂದರೆ 1000 ವಾಟಿನ ವಸ್ತು ಒಂದು ಗಂಟೆ ಓಡುವುದು. ನಿಮ್ಮ 3000 ವಾಟ್ ಗೀಸರ್ 20 ನಿಮಿಷಕ್ಕೆ ಒಂದು ಯೂನಿಟ್ ತಿನ್ನುತ್ತದೆ. 9 ವಾಟ್ ಬಲ್ಬ್ ಅದೇ ಒಂದು ಯೂನಿಟ್‌ನಲ್ಲಿ 111 ಗಂಟೆ ಉರಿಯುತ್ತದೆ. ಬಿಲ್ ಇಳಿಸಬೇಕಾದರೆ ಎಲ್ಲಿ ನೋಡಬೇಕು ಅಂತ ಇದರಲ್ಲೇ ಗೊತ್ತಾಗುತ್ತದೆ. ‘ಸ್ಯಾಂಕ್ಷನ್ಡ್ ಲೋಡ್’ ಅಂದರೆ ನಿಮಗೆ ಮಂಜೂರಾದ ಹೊರೆ, ಕಿಲೋವಾಟ್‌ನಲ್ಲಿ. 1 ಕಿಲೋವಾಟ್ ಅಂದರೆ 1000 ವಾಟ್. ನೀವು ಬಳಸಿದ ಯೂನಿಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಬಿಲ್ಲಿನಲ್ಲಿ ಬರುವ ನಿಗದಿತ ಶುಲ್ಕ ಇದರ ಮೇಲೆ ಲೆಕ್ಕವಾಗುತ್ತದೆ. ಪಂಪ್ ಇದ್ದರೆ ಅದರ ಎಚ್‌ಪಿಯನ್ನೂ ಸೇರಿಸಿ ನೋಡಿ. 1 ಎಚ್‌ಪಿ ಅಂದರೆ 746 ವಾಟ್. ಕುದುರೆಯ ಶಕ್ತಿಯ ಈ ಲೆಕ್ಕ ಹಾಕಿಕೊಟ್ಟವರೇ ಜೇಮ್ಸ್ ವಾಟ್. ಮುಂದೆ ಅವರ ಹೆಸರನ್ನೇ ವಾಟ್‌ಗೆ ಇಟ್ಟರು. ಮನೆಯಲ್ಲಿ ನಿಜವಾಗಿ ಒಟ್ಟಿಗೆ ಓಡುವ ಹೊರೆ ಮಂಜೂರಾದದ್ದಕ್ಕಿಂತ ಜಾಸ್ತಿ ಇದ್ದರೆ ಅರ್ಜಿ ಕೊಟ್ಟು ಏರಿಸಿಕೊಳ್ಳಿ.

ಎಲೆಕ್ಟ್ರಿಷಿಯನ್ ಮತ್ತೆ ಬಂದಾಗ ಹೀಗೆ ಕೇಳಿ: “ಮೀಟರಿನಿಂದ ಡಿಬಿವರೆಗೆ ನ್ಯೂಟ್ರಲ್ ಎಲ್ಲೆಲ್ಲಿ ಕೂಡಿದೆ, ಒಂದೊಂದೂ ಬಿಗಿ ಮಾಡಿ ತೋರಿಸಿ. ಅರ್ಥ್ ಎಷ್ಟು ಓಮ್ ಇದೆ? ಗೀಸರ್ ವೈರ್ ಎಷ್ಟು ಸ್ಕ್ವೇರ್ ಎಂಎಂ? 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಲು ಏನೇನು ಬೇಕು?” ನ್ಯೂಟ್ರಲ್ ಸರಿಯಾಗಿ, ಅರ್ಥಿಂಗ್ ಅಳೆದು ಗಟ್ಟಿ ಮಾಡಿದ ಮೇಲೂ ಮೆಷಿನ್ ಜುಮ್ ಅಂದರೆ ಅಥವಾ ಅದನ್ನು ಹಾಕಿದಾಗ ಆರ್‌ಸಿಸಿಬಿ ಬಿದ್ದರೆ, ದೋಷ ಬಹುಶಃ ಮೆಷಿನ್ ಒಳಗೇ ಇದೆ. ಆಗ ಅದನ್ನು ರಿಪೇರಿಗೆ ಕಳಿಸಿ.